ಎಷ್ಟು ಬಿಟ್ಟಾರಂತೆ?

ಆಷಾಢ ಮುಗಿಯುವ ಹೊತ್ತಿಗೆ ನಮ್ಮ ಕಂಪ್ಲಿಯಲ್ಲಿ "ಊಟ ಆಯ್ತಾ?" ಅಂತ ಕೇಳುವವರು ಕಡಿಮೆ. ಹಾಲು ತರಲು ಹೋದರೂ, ಕಟಿಂಗ್ ಶಾಪಿನಲ್ಲಿ ತಲೆ ಬಗ್ಗಿಸಿ ಕೂತರೂ ಒಂದೇ ಪ್ರಶ್ನೆ: "ಎಷ್ಟು ಬಿಟ್ಟಾರಂತೆ?" ನಮ್ಮೂರಿಗೆ ಮೇಲ್ಗಡೆ ಇರುವ ತುಂಗಭದ್ರಾ ಡ್ಯಾಮಿನಿಂದ ಹೊಳೆಗೆ ಬಿಡುವ ನೀರಿನ ಲೆಕ್ಕ ಅದು. ಮಟ್ಟ ಡ್ಯಾಮು ತುಂಬುವ 1633 ಅಡಿ ಸಮೀಪಿಸಿತೆಂದರೆ 33 ಗೇಟುಗಳಲ್ಲಿ ಎಷ್ಟು ಎತ್ತಿದ್ದಾರೆ ಅಂತ ಶಾಲೆ ಮೆಟ್ಟಿಲು ಹತ್ತದವರೂ ಹೇಳುತ್ತಾರೆ. ಐವತ್ತು ಸಾವಿರ ಕ್ಯುಸೆಕ್‌ಗೆ ಯಾರೂ ಟೀ ಲೋಟ ಕೆಳಗಿಡುವುದಿಲ್ಲ. ಲಕ್ಷ ದಾಟಿತೋ, ಊರಿಗೆ ಊರೇ ಕೋಟೆ ಕಡೆ ಹೊರಡುತ್ತದೆ, ಗಂಗಾವತಿ ರಸ್ತೆಯ ಸೇತುವೆ ಮುಳುಗುವುದನ್ನು ನೋಡಲು.

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಕೊಂಡು ಹೋಯಿತಲ್ಲ, ಆಗ ಮಾತ್ರ ಆ ಪ್ರಶ್ನೆ ಕೇಳಲು ಯಾರಿಗೂ ಬಾಯಿ ಬರಲಿಲ್ಲ. ಬಿಡುವವರ ಕೈಯಲ್ಲೇ ಏನೂ ಇರಲಿಲ್ಲ.

ಸೇತುವೆ ಮುಳುಗುವಾಗ ಮೊದಲು ಪೊಲೀಸರು ಬ್ಯಾರಿಕೇಡ್ ಇಡುತ್ತಾರೆ. ನಮ್ಮ ಜನಕ್ಕೆ ಆಚೆ ದಡದ ಚಿಕ್ಕಜಂತಕಲ್‌ನಲ್ಲಿ ಅರ್ಜೆಂಟ್ ಕೆಲಸವಿರುವುದು ನೆನಪಾಗುವುದೇ ಆಗ. ವರ್ಷವಿಡೀ ಮಾತಾಡಿಸದ ಷಡ್ಡಕನಿಗೂ ಅವತ್ತೇ ಹುಷಾರಿರುವುದಿಲ್ಲ. "ಈಗಿನ್ನೂ ಪಾದ ಮುಟ್ಟೈತೆ ಸಾರ್, ಹಿಂಗೋಗಿ ಹಂಗ್ ಬರ್ತೀನಿ" ಅಂತ ಬೈಕಿನವರು ಗೋಗರೆಯುತ್ತಿರುತ್ತಾರೆ. ಪಕ್ಕದಲ್ಲಿ ಮಿರ್ಚಿ ಬಂಡಿಯವನಿಗೆ ಕೈ ಬಿಡುವಿಲ್ಲ.

ಆದರೆ ನೀರು ಇಳಿದ ಮೇಲಿನ ದಿನಗಳೇ ಹೆಚ್ಚು ಮಜಾ. ಅಲ್ಲಲ್ಲಿ ರಕ್ಷಣಾ ಕಂಬಿ ಮಾಯ, ಉಳಿದ ಕಂಬಿಗೆ ಅಂತರಗಂಗೆ ಬಳ್ಳಿ, ಅದರೊಳಗೊಂದು ಒಂಟಿ ಹವಾಯಿ ಚಪ್ಪಲಿ. ಇಂಜಿನಿಯರುಗಳು ಬಂದು ಬಗ್ಗಿ ನೋಡುತ್ತಾರೆ. ಅವರ ಹಿಂದೆ ನಾವೂ ಬಗ್ಗಿ ನೋಡುತ್ತೇವೆ. ಅವರು ಏನೂ ಹೇಳುವ ಮೊದಲೇ ಕೋಟೆಯ ಅಜ್ಜ ಒಬ್ಬರು ಸರ್ಟಿಫಿಕೇಟ್ ಕೊಟ್ಟಾಗಿರುತ್ತದೆ: "ಏನೂ ಆಗಲ್ಲ ತಗಿ. ಮುಳುಗಿ ಮುಳುಗಿ ಗಟ್ಟಿ ಆಗೈತೆ." ಹೊಸ ಸೇತುವೆ ಬೇಕು ಅಂತ ಮನವಿ ಕೊಡುವವರ ಸಾಲಿನಲ್ಲೂ ಮೊದಲು ನಿಲ್ಲುವವರು ಇದೇ ಅಜ್ಜ. ಹಂಗಂತ ಹೊಸದರ ಮೇಲೆ ಭಾರೀ ನಂಬಿಕೆ ಅಂತಲ್ಲ. 2009ರಲ್ಲಿ ಆನೆಗೊಂದಿಯಲ್ಲಿ ಕಟ್ಟುತ್ತಿದ್ದ ಸೇತುವೆ ಕುಸಿದು ಕಾರ್ಮಿಕರು ಸತ್ತರು. ಆ ಮಾತು ಬಂದರೆ ನಮ್ಮಲ್ಲಿ ಯಾರೂ ತಮಾಷೆ ಮಾಡುವುದಿಲ್ಲ.

ಬಸ್ಸು ಸೇತುವೆ ಹತ್ತಿದಾಗ ನೋಡಬೇಕು. ಎದುರಿನಿಂದ ಭತ್ತದ ಲೋಡಿನ ಲಾರಿ ಬಂದರೆ ಅಷ್ಟು ಹೊತ್ತಿನ ಜಗಳವೆಲ್ಲ ಬಂದ್. ಕಿಟಕಿ ಸೀಟಿಗಾಗಿ ಬಡಿದಾಡಿದ್ದವರು ಒಳಗೆ ಸರಿಯುತ್ತಾರೆ. ಗಂಗಮ್ಮನಿಗೆ ನಾಣ್ಯ ಎಸೆಯುತ್ತಾರೆ, ಒಬ್ಬರಂತೂ ಕಣ್ಣು ಮುಚ್ಚಿ ಎಸೆದು ಕಂಡಕ್ಟರ್ ಕೊಟ್ಟ ಚಿಲ್ಲರೆಯನ್ನೆಲ್ಲ ಕಳೆದುಕೊಂಡರು. ಆಚೆ ದಡ ಮುಟ್ಟಿದ ಕೂಡಲೇ ಜಗಳ ಬಿಟ್ಟಲ್ಲಿಂದ ಶುರು.

ಒಂದು ಶ್ರಾವಣದಲ್ಲಿ ನಮ್ಮ ಅತ್ತಿಗೆಯ ತಂಗಿಯ ನಿಶ್ಚಿತಾರ್ಥ ಕಂಪ್ಲಿಯಲ್ಲಿ, ಬ್ಲೌಸು ಗಂಗಾವತಿಯ ಟೇಲರ್ ಹತ್ತಿರ, ಸೇತುವೆ ನೀರಿನಡಿ. "ಸೀರೆ ಐತೆ, ಗಂಡು ಅದಾನೆ, ಬ್ಲೌಸೊಂದಿಲ್ಲ" ಅಂತ ಅತ್ತಿಗೆ ಹೊಸ್ತಿಲಲ್ಲಿ ಕೂತುಬಿಟ್ಟರು. ನಾನೂ ಅಣ್ಣನೂ ಬುಕ್ಕಸಾಗರ, ಕಡೇಬಾಗಿಲು ಸೇತುವೆ ಸುತ್ತಿ ಹೊರಟೆವು. ಊರಿನವರೆಲ್ಲ ಅದೇ ದಾರಿ ಹಿಡಿದಿದ್ದರು. ದಾರಿಯುದ್ದಕ್ಕೂ ಟ್ರ್ಯಾಕ್ಟರ್ ಹಿಂದೆ ಟ್ರ್ಯಾಕ್ಟರ್, ಮೇಲೆ ಮಳೆ. ಗಂಗಾವತಿ ಮುಟ್ಟಿದಾಗ ಅಣ್ಣನ ಬಿಳಿ ಅಂಗಿ ಕೆಮ್ಮಣ್ಣಾಗಿತ್ತು.

ಟೇಲರ್ ನಮ್ಮನ್ನು ನೋಡಿ ಮಿಷನ್ ತುಳಿಯುವುದನ್ನೇ ನಿಲ್ಲಿಸಿದ.

"ಬ್ರಿಜ್ ಬಂದ್ ಆಗೈತಲ್ರೀ! ನೀವೆಲ್ಲಿ ಬರ್ತೀರಿ ಅಂತ ನಾ ಇನ್ನೂ ಕತ್ರೀನೇ ಹಾಕಿಲ್ಲ."

ಹುಡುಗಿ ಪಕ್ಕದ ಮನೆಯವರ ಬ್ಲೌಸಿಗೆ ನಾಲ್ಕು ಪಿನ್ನು ಹಾಕಿಕೊಂಡು ಉಂಗುರ ತೊಡಿಸಿಕೊಂಡಳು. ಗಂಡಿನ ಕಡೆಯವರ ಕಣ್ಣಿಗೆ ಅದು ಬೀಳಲೇ ಇಲ್ಲ. ಅವರೆಲ್ಲ ಬಾಗಿಲಲ್ಲಿ ನಿಂತು ಫೋನಿನಲ್ಲಿ ಕ್ಯುಸೆಕ್ ವಿಚಾರಿಸುತ್ತಿದ್ದರು, ಅವರ ಊರು ಆಚೆ ದಡದಲ್ಲಿತ್ತು.