ಹೊಂಗಾರೆ ಮರದ ಹೆಸರಿನ ಊರು

ಬುದ್ಧನ ಗುಡಿಯ ಹಿಂಬದಿ ಜಗಲಿಯಲ್ಲಿ ಎರಡು ಕಲ್ಲಿನ ಕಂಬ. ಒಂದರ ಮೇಲೆ ನರಸಿಂಹ ಹಿರಣ್ಯಕಶಿಪುವಿನ ಹೊಟ್ಟೆ ಸೀಳುತ್ತಿದ್ದಾನೆ. ಇನ್ನೊಂದು ಕಡೆ ಮೊಸಳೆ ಹಿಡಿದ ಆನೆ, ಅಂದರೆ ಗಜೇಂದ್ರ ಮೋಕ್ಷ. ಗೋಪಿಯರ ಸೀರೆ ಕದ್ದು ಮರ ಹತ್ತಿದ ಕೃಷ್ಣನೂ ಇದ್ದಾನೆ. ಯಾರೂ ಹೇಳಿಕೊಡುವುದು ಬೇಡ, ನೋಡಿದ ಕೂಡಲೇ ಗುರುತು ಸಿಗುತ್ತದೆ. ನನ್ನ ಪಕ್ಕದಲ್ಲಿ ಒಬ್ಬ ಚೀನೀ ಅಜ್ಜಿ ಕಂಬವನ್ನು ಒಮ್ಮೆ ಸವರಿ, ಆ ಕೈಯನ್ನು ಹಣೆಗೆ ಮುಟ್ಟಿಸಿಕೊಂಡು ಮುಂದೆ ಹೋದರು.

ಇದು ಚೀನಾದ ಫುಜಿಯಾನ್ ಪ್ರಾಂತ್ಯದ ಚ್ವಾನ್‌ಜೋ ನಗರ. ಇಂಗ್ಲಿಷಿನ ಕ್ಯೂ ಅಕ್ಷರದಿಂದ ಶುರುವಾಗುವುದರಿಂದ ನಮ್ಮವರು ಇದನ್ನು ಕ್ವಾನ್‌ಝೌ ಅಂತಲೂ ಓದುತ್ತಾರೆ. ಅಕ್ಕನ ಮಗ ಪಕ್ಕದ ಶಿಯಾಮೆನ್‌ನಲ್ಲಿ ಕೆಲಸದಲ್ಲಿದ್ದಾನೆ. "ಚಿಕ್ಕಮ್ಮ, ಬೀಜಿಂಗ್ ಗೋಡೆ ಎಲ್ಲರೂ ನೋಡ್ತಾರೆ. ನೀವು ಕಡಲ ಬದಿಯವರು, ಇಲ್ಲಿಗೆ ಬನ್ನಿ" ಅಂದ. ಹೋದೆ. ಐದು ದಿನ ಇದ್ದೆ. ಬಂದ ಮೇಲೂ ಆ ಊರು ತಲೆಯಿಂದ ಇಳಿದಿಲ್ಲ. ಅದಕ್ಕೇ ಈ ಉದ್ದದ ಬರಹ.

ನಾವು ಬಾರ್ಕೂರು ಕಡೆಯವರು. 14ನೇ ಶತಮಾನದಲ್ಲಿ ಇಬ್ನ್ ಬತೂತ ಎಂಬ ಮೊರಾಕ್ಕೋದ ಪ್ರವಾಸಿ ಹೊನ್ನಾವರ, ಬಾರ್ಕೂರು, ಮಂಗಳೂರು ನೋಡಿಕೊಂಡು ಹೋದ. ಮುಂದೆ ಚೀನಾಕ್ಕೆ ಹೋದಾಗ ಅವನು ಇಳಿದ ಬಂದರು ಇದೇ ಚ್ವಾನ್‌ಜೋ. ಆಗ ಅರಬರು ಇದನ್ನು ಜೈತೂನ್ ಎನ್ನುತ್ತಿದ್ದರು. ಅರಬಿ ಭಾಷೆಯಲ್ಲಿ ಜೈತೂನ್ ಅಂದರೆ ಆಲಿವ್. ಆದರೆ ಈ ಊರಲ್ಲಿ ಆಲಿವ್ ಇಲ್ಲವೇ ಇಲ್ಲ ಎಂದು ಇಬ್ನ್ ಬತೂತನೇ ಬರೆದಿದ್ದಾನೆ. ಆ ಹೆಸರು ಬಂದದ್ದು ಊರ ಸುತ್ತ ನೆಟ್ಟಿದ್ದ 'ತ್ಸಿತೊಂಗ್' ಮರದಿಂದ. ಅದು ಯಾವ ಮರ ಗೊತ್ತಾ? ನಮ್ಮ ಹೊಂಗಾರೆ. ಘಟ್ಟದ ಮೇಲಿನವರು ಹಾಲುವಾಣ ಎನ್ನುತ್ತಾರಲ್ಲ, ಎಲೆ ಉದುರಿದ ಮೇಲೆ ಕೆಂಪು ಹೂ ಬಿಡುವ ಮುಳ್ಳಿನ ಮರ, ಅದೇ. ನಮ್ಮ ತೋಟಗಳಲ್ಲಿ ಕಾಳುಮೆಣಸಿನ ಬಳ್ಳಿ ಹಬ್ಬಿಸುವುದು ಆ ಮರಕ್ಕೆ. ಕಾಳುಮೆಣಸು ಹೊತ್ತ ಹಡಗುಗಳು ಬಂದು ನಿಲ್ಲುತ್ತಿದ್ದ ಊರಿಗೂ ಅದರದ್ದೇ ಹೆಸರು. ಇದು ತಿಳಿದ ಮೇಲೆ ರಸ್ತೆ ಬದಿಯ ಪ್ರತಿ ಹೊಂಗಾರೆಯ ಹತ್ತಿರವೂ ಒಂದು ಕ್ಷಣ ನಿಲ್ಲತೊಡಗಿದೆ.

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಕೆಲವರಿಗೆ ಇಷ್ಟವಾಗದಿರಬಹುದು.

ಚೀನಾದಲ್ಲಿ ಹಿಂದೂ ದೇವಾಲಯ, ನಮ್ಮ ಸಂಸ್ಕೃತಿ ಜಗತ್ತನ್ನೇ ಗೆದ್ದಿತ್ತು ಎಂಬ ವಾಟ್ಸಾಪ್ ಮೆಸೇಜು ನನಗೂ ಬಂದಿತ್ತು. ದೇವಾಲಯ ಇದ್ದದ್ದು ನಿಜ. ತಮಿಳು ವರ್ತಕರು 1281ರಲ್ಲಿ ಇಲ್ಲಿ ಶಿವನ ಗುಡಿ ಕಟ್ಟಿಸಿದರು. ತಮಿಳಿನ ಜೊತೆ ಚೀನೀ ಅಕ್ಷರಗಳೂ ಇರುವ ಶಾಸನ ಸಿಕ್ಕಿದೆ. ಆಗ ಚೀನಾವನ್ನು ಆಳುತ್ತಿದ್ದವನು ಕುಬ್ಲಾಯ್ ಖಾನ್. ದೊರೆಗೆ ಒಳ್ಳೆಯದಾಗಲಿ ಎಂದು ಪ್ರತಿಷ್ಠೆ ಮಾಡಿದ್ದಾಗಿ ಶಾಸನ ಹೇಳುತ್ತದೆ. ಬಂದವರು ವ್ಯಾಪಾರಕ್ಕೆ ಬಂದರು, ಅಲ್ಲಿಯ ದೊರೆಯ ನೆರಳಲ್ಲಿ ತಮ್ಮ ದೇವರಿಗೊಂದು ಮನೆ ಕಟ್ಟಿಕೊಂಡರು. ಇದರಲ್ಲಿ ಗೆಲ್ಲುವ ಮಾತು ಎಲ್ಲಿಂದ ಬಂತು?

ನನ್ನ ಮನಸ್ಸು ಹಿಡಿದದ್ದು ಆ ಗುಡಿ ಹೋದ ಮೇಲಿನ ಕತೆ. 1357ರಿಂದ ಸುಮಾರು ಹತ್ತು ವರ್ಷ ಇಲ್ಲಿ ಪರ್ಷಿಯನ್ ಸೈನಿಕರ ದಂಗೆ ನಡೆಯಿತು. ಅದನ್ನು ಹತ್ತಿಕ್ಕುವಾಗ ಹೊರಗಿನಿಂದ ಬಂದು ನೆಲೆಸಿದ್ದ ಎಷ್ಟೋ ಜನರ ಕೊಲೆಯಾಯಿತು. ವ್ಯಾಪಾರ ಬಿತ್ತು. ಶಿವನ ಗುಡಿಯೂ ಹಾಳಾಯಿತು. ಕಲ್ಲುಗಳು ಊರೆಲ್ಲ ಚದುರಿದವು. ಆಮೇಲೆ ಮಿಂಗ್ ದೊರೆಗಳ ಕಾಲದಲ್ಲಿ ಕೈಯುವಾನ್ ದೇವಸ್ಥಾನದ ಜೀರ್ಣೋದ್ಧಾರ ಮಾಡುವಾಗ ಈ ಎರಡು ಕಂಬಗಳನ್ನು ತಂದು ಅಲ್ಲಿಯ ಬುದ್ಧನ ಗುಡಿಗೆ ನಿಲ್ಲಿಸಿದರು. ಗುಡಿಯ ಮುಂದಿನ ಕಟ್ಟೆಗೂ ಸಿಂಹದ ಮೈ, ಮನುಷ್ಯನ ಮುಖ ಇರುವ ಕೆತ್ತನೆಗಳನ್ನು ಸಾಲಾಗಿ ಕೂರಿಸಿದರು. ಪುಡಿ ಮಾಡಿ ಅಡಿಪಾಯಕ್ಕೆ ಹಾಕಬಹುದಿತ್ತು. ಚಂದದ ಕಲ್ಲು, ಇರಲಿ ಎಂದು ಎತ್ತಿಟ್ಟರು. ನರಸಿಂಹ ಅವರಿಗೆ ಯಾರೋ ಏನೋ. ಆದರೂ ಇಷ್ಟು ವರ್ಷ ಮಳೆಗೆ ನೆನೆಯದ ಹಾಗೆ ತಮ್ಮ ಮಾಡಿನ ಕೆಳಗೆ ಜಾಗ ಕೊಟ್ಟಿದ್ದಾರೆ. ಅಲ್ಲಿ ನಿಂತಾಗ ನನಗೆ ಹೆಮ್ಮೆಗಿಂತ ಋಣದ ಭಾವವೇ ಜಾಸ್ತಿ ಬಂತು. ನಮ್ಮೂರ ಕಡೆ ಶಾಸನದ ಕಲ್ಲು ಬಟ್ಟೆ ಒಗೆಯುವ ಕಲ್ಲಾಗಿದ್ದನ್ನು ನಾನೇ ನೋಡಿದ್ದೇನೆ.

ಕೈಯುವಾನ್ ದೇವಸ್ಥಾನ ಶುರುವಾದದ್ದು 686ರಲ್ಲಿ. ಅದಕ್ಕೂ ಒಂದು ಮರದ ಕತೆ ಇದೆ. ಜಾಗ ಒಬ್ಬ ಸಾಹುಕಾರನ ಹಿಪ್ಪುನೇರಳೆ ತೋಟವಾಗಿತ್ತು. ಭಿಕ್ಷು ಬಂದು ಜಾಗ ಕೇಳಿದಾಗ, ಹಿಪ್ಪುನೇರಳೆಯಲ್ಲಿ ಬಿಳಿ ತಾವರೆ ಅರಳಲಿ, ಕೊಡುತ್ತೇನೆ ಎಂದನಂತೆ. ಅರಳಿತಂತೆ, ಕೊಟ್ಟನಂತೆ. ಸಿಡಿಲು ಬಡಿದು ಸೀಳಿದ ಹಳೇ ಹಿಪ್ಪುನೇರಳೆ ಮರ ಇನ್ನೂ ಚಿಗುರುತ್ತಿದೆ. ಅದಕ್ಕೆ ಕಲ್ಲಿನ ಊರುಗೋಲು ಕೊಟ್ಟು ನಿಲ್ಲಿಸಿದ್ದಾರೆ. ಅಂಗಳದ ಎರಡು ಬದಿಗೆ 13ನೇ ಶತಮಾನದ ಎರಡು ಕಲ್ಲಿನ ಗೋಪುರ, ಎತ್ತರ 40 ಮೀಟರ್‌ಗೂ ಮೇಲೆ. ಬುದ್ಧನ ಗುಡಿಯ ಒಳಗೆ ತೊಲೆಗಳ ತುದಿಯಲ್ಲಿ ರೆಕ್ಕೆ ಇರುವ ಗಂಧರ್ವ ಕನ್ಯೆಯರು ವಾದ್ಯ ಹಿಡಿದು ಹಾರುತ್ತಿದ್ದಾರೆ. ಸಂಜೆ ಊರೊಳಗೆ 'ನಾನ್‌ಯಿನ್' ಎಂಬ ಹಳೇ ಸಂಗೀತ ಕೇಳಿದೆ. ಪಿಪಾ ವಾದ್ಯವನ್ನು ನೆಟ್ಟಗೆ ನಿಲ್ಲಿಸದೆ ನಮ್ಮ ವೀಣೆಯ ಹಾಗೆ ಅಡ್ಡ ಹಿಡಿದು ನುಡಿಸುತ್ತಾರೆ. ಅವಸರವಿಲ್ಲದ ಹಾಡು. ಒಂದು ಶಬ್ದ ಮುಗಿಯುವಷ್ಟರಲ್ಲಿ ಚಹಾ ಆರಿರುತ್ತದೆ.

ಚಹಾ ಅಂದ ಕೂಡಲೇ ನೆನಪಾಯಿತು. ಟೀ ಎಂಬ ಮಾತು ಹುಟ್ಟಿದ್ದೇ ಈ ಕಡಲ ಬದಿಯಲ್ಲಿ. ಇಲ್ಲಿಯ ಹೊಕ್ಕಿಯೆನ್ ಮಾತಿನಲ್ಲಿ ಅದು 'ತೇ'. ಡಚ್ಚರು ಅದನ್ನು ಯುರೋಪಿಗೆ ಒಯ್ದರು. ಚೀನಾದ ಬೇರೆ ಕಡೆ 'ಚಾ'. ನಮ್ಮ ಮನೆಯಲ್ಲಿ ಅಮ್ಮ ಚಾ ಎನ್ನುತ್ತಾರೆ, ನಾನು ಟೀ ಎನ್ನುತ್ತೇನೆ. ಎರಡೂ ಬೇರೆ ಬೇರೆ ದಾರಿಯಲ್ಲಿ ಅಲ್ಲಿಂದಲೇ ಬಂದವು.

ಇನ್ನು ಊಟ. ದಯವಿಟ್ಟು ಅಲ್ಲಿ ಹೋಗಿ ದಾಲ್ ರೋಟಿ ಹುಡುಕಬೇಡಿ. ಮೀನು ತಿನ್ನುವವರಿಗಂತೂ ಅದು ಸ್ವರ್ಗ. ಬೆಳಿಗ್ಗೆ ಎಲ್ಲರೂ ತಿನ್ನುವುದು 'ಮ್ಯೆನ್‌ಶ್ಯೆನ್ ಹು'. ಕೂದಲಿನಷ್ಟು ತೆಳು ಶಾವಿಗೆಯನ್ನು ಸಾರಿನಲ್ಲಿ ಕರಗುವ ತನಕ ಬೇಯಿಸಿದ ಗಂಜಿ. ಮೇಲೆ ಏನು ಬೇಕೋ ಕೈ ತೋರಿಸಿದರೆ ಹಾಕುತ್ತಾರೆ. ಅದರಲ್ಲಿ ಕರಿದ ಹಿಟ್ಟಿನ ಕೋಲನ್ನು ಅದ್ದಿ ತಿನ್ನಬೇಕು. ಹಂದಿಮಾಂಸ ಬೇಡದವರು ಮೊದಲೇ ಹೇಳಿಬಿಡಿ, ಇಲ್ಲಿ ಸಾರಿಗೂ ಅದು ಬೀಳುತ್ತದೆ. 'ತುಸುನ್‌ದೊಂಗ್' ಎಂದರೆ ಕೆಸರಿನಲ್ಲಿ ಸಿಗುವ ಕಡಲ ಹುಳವನ್ನು ಕುದಿಸಿ, ಅದರ ಅಂಟಿನಿಂದಲೇ ಹೆಪ್ಪುಗಟ್ಟಿಸಿದ ತಣ್ಣನೆ ತಿಂಡಿ. ನೋಡಿದಾಗ ಹಿಂಜರಿದೆ. ಬೆಳ್ಳುಳ್ಳಿ, ವಿನೆಗರ್ ಹಾಕಿ ಕೊಟ್ಟರು. ಬಾಯಿಗಿಟ್ಟ ಮೇಲೆ ಶುದ್ಧ ಕಡಲಿನ ರುಚಿ. ಎರಡನೇ ತಟ್ಟೆಯನ್ನು ನಾನೇ ಕೇಳಿ ತೆಗೆದುಕೊಂಡೆ.

ಆದರೆ ಆ ಊರಿನ ನಿಜವಾದ ಅನ್ನದಾತೆ ಸಿಂಪಿ. ಕಲ್ಲಿಗೆ ಅಂಟಿ ಬೆಳೆಯುತ್ತದಲ್ಲ, ಅದು. ಬೆರಳ ತುದಿಯಷ್ಟು ಸಣ್ಣ ಸಿಂಪಿ ಮಾಂಸ, ಗೆಣಸಿನ ಹಿಟ್ಟು, ಎಳೆ ಬೆಳ್ಳುಳ್ಳಿ ಸೊಪ್ಪು ಕಲಸಿ ಕಾವಲಿಗೆ ಹೊಯ್ದು ಮೇಲೆ ಮೊಟ್ಟೆ ಒಡೆಯುತ್ತಾರೆ. ಅಂಚು ಗರಿಗರಿ, ನಡು ಅಂಟಂಟು. ಆ ಗೆಣಸೂ ಹೊರಗಿನದೇ. 1593ರಲ್ಲಿ ಫಿಲಿಪ್ಪೀನ್ಸ್‌ನಿಂದ ಒಬ್ಬ ವರ್ತಕ ಅದರ ಬಳ್ಳಿಯನ್ನು ಫುಜಿಯಾನಿಗೆ ತಂದ. ಮರುವಾಯಿ ಸುಕ್ಕಾ ತಿಂದು ಬೆಳೆದ ನಾನು ಕಡಲ ಚಿಪ್ಪಿನ ವಿಷಯದಲ್ಲಿ ಸುಮ್ನೆ ಯಾರನ್ನೂ ಹೊಗಳುವವಳಲ್ಲ. ಇದನ್ನು ಮಾತ್ರ ಮನಸಾರೆ ಹೊಗಳುತ್ತೇನೆ. ಸಸ್ಯಾಹಾರಿಗಳಿಗೆ 'ಶಿಹ್ವಾಗಾವ್' ಇದೆ. ಕಡಲ ಪಾಚಿ ಕುದಿಸಿ ಮಾಡಿದ ಸಿಹಿ ಜೆಲ್ಲಿ. ನಮ್ಮ ಅಡುಗೆಮನೆಯ ಚೈನಾ ಗ್ರಾಸ್ ಕೂಡ ಕಡಲ ಪಾಚಿಯದ್ದೇ ಅಲ್ವಾ?

ಈ ಸಿಂಪಿ ತಿನ್ನಲಿಕ್ಕೆ ಮಾತ್ರ ಅಲ್ಲ. ಊರ ಹೊರಗೆ ಲ್ವೊಯಾಂಗ್ ಸೇತುವೆ ಇದೆ. 1053ರಿಂದ 1059ರ ತನಕ ಕಟ್ಟಿದ್ದು. ಹೊಳೆ ಕಡಲಿಗೆ ಸೇರುವ ಜಾಗ, ಉಬ್ಬರ ಇಳಿತದ ಸೆಳೆತಕ್ಕೆ ಕಂಬ ನಿಲ್ಲುತ್ತಿರಲಿಲ್ಲ. ಮೊದಲು ಹೊಳೆಯ ತಳಕ್ಕೆ ಉದ್ದಕ್ಕೂ ಕಲ್ಲು ಸುರಿದರು. ಆ ಕಲ್ಲುಗಳ ಮೇಲೆ ಸಿಂಪಿ ಬೆಳೆಸಿದರು. ಸಿಂಪಿ ಬೆಳೆದು ಬೆಳೆದು ಕಲ್ಲಿಗೆ ಕಲ್ಲು ಅಂಟಿಕೊಂಡಿತು. ಮೇಲಿನ ದೊಡ್ಡ ಚಪ್ಪಡಿಗಳನ್ನು ಉಬ್ಬರದ ನೀರಲ್ಲಿ ತೇಲಿಸಿ ತಂದು, ಇಳಿತವಾದಾಗ ಕಂಬದ ಮೇಲೆ ಕೂರಿಸಿದರು. ಸೇತುವೆ ಬುಡದಲ್ಲಿ ಸಿಂಪಿ ಕೀಳಲು ಆಗ ಬಿಡುತ್ತಿರಲಿಲ್ಲವಂತೆ. ಇಳಿತದ ಹೊತ್ತಿಗೆ ಹೋಗಿ. ಬುಡದ ಕಲ್ಲುಗಳ ಮೇಲೆ ಈಗಲೂ ಬಿಳಿ ಚಿಪ್ಪುಗಳು ಕಾಣುತ್ತವೆ. ನಾನು ಒಂದು ಗಂಟೆ ಅಲ್ಲೇ ಕೂತಿದ್ದೆ.

ಶುನ್‌ಪು ಎಂಬ ಬೆಸ್ತರ ಹಳ್ಳಿಯಲ್ಲಿ ಸಿಂಪಿ ಚಿಪ್ಪಿನಿಂದಲೇ ಮನೆಯ ಗೋಡೆ ಕಟ್ಟಿದ್ದಾರೆ. ಸರಕು ಇಳಿಸಿ ಖಾಲಿಯಾದ ಹಡಗು ಅಲುಗಾಡದಿರಲಿ ಎಂದು ದೂರದ ದಡಗಳಿಂದ ತುಂಬಿಕೊಂಡು ಬಂದ ಚಿಪ್ಪು ಎನ್ನುತ್ತಾರೆ. ಹೆಂಗಸರು ತುರುಬಿನ ಸುತ್ತ ಬಳೆ ಬಳೆಯಾಗಿ ಹೂ ಮುಡಿಯುತ್ತಾರೆ. ಈ ಜನ್ಮದಲ್ಲಿ ಹೂ ಮುಡಿದರೆ ಮುಂದಿನ ಜನ್ಮದಲ್ಲಿ ಚೆಲುವೆಯಾಗುತ್ತಾರೆ ಎಂಬ ಮಾತಿದೆ. ಈಗ ಪ್ರವಾಸಿ ಹುಡುಗಿಯರು ಬಾಡಿಗೆ ಬಟ್ಟೆ ತೊಟ್ಟು, ಹೂ ಕಟ್ಟಿಸಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ಅದರಿಂದ ಊರಿಗೆ ನಾಲ್ಕು ಕಾಸು ಬರುತ್ತಿದೆ, ಬರಲಿ. ಆದರೆ ಓಣಿಯ ಒಳಗೆ ಹೋದರೆ ಎಂಬತ್ತು ದಾಟಿದ ಅಜ್ಜಿಯರು ಕ್ಯಾಮೆರಾ ಕಡೆ ನೋಡದೆ, ತಲೆ ತುಂಬ ಹೂ ಮುಡಿದು, ಚಿಪ್ಪು ಒಡೆಯುತ್ತ ಕೂತಿರುತ್ತಾರೆ. ನನಗೆ ಮಲ್ಪೆ ಬಂದರಿನ ಹೆಂಗಸರು ನೆನಪಾದರು.

ಇಲ್ಲಿಯ ಬೆಸ್ತರ ತಾಯಿ ಮಾಜು. 960ರಲ್ಲಿ ಹತ್ತಿರದ ಮೇಜೌ ದ್ವೀಪದಲ್ಲಿ ಹುಟ್ಟಿದ ಹುಡುಗಿ, ಕಡಲಲ್ಲಿ ಸಿಕ್ಕಿಬಿದ್ದವರನ್ನು ಕಾಯುತ್ತಿದ್ದಳು, ಆಮೇಲೆ ದೇವಿಯಾದಳು ಎಂಬ ನಂಬಿಕೆ. ಚ್ವಾನ್‌ಜೋದಲ್ಲಿ ಅವಳ ಗುಡಿ ಕಟ್ಟಿದ್ದು 1196ರಲ್ಲಿ. ಉಚ್ಚಿಲದ ಮಹಾಲಕ್ಷ್ಮಿಗೆ ಮೊಗವೀರರು ಕೈ ಮುಗಿಯುವುದನ್ನು ನೋಡಿದವರಿಗೆ ಅಲ್ಲಿ ಏನನ್ನೂ ವಿವರಿಸಬೇಕಾಗಿಲ್ಲ. ಹಳೇ ಕಾಲದ ಇಬ್ಬರು ವೀರರನ್ನು ಪೂಜಿಸುವ ಗ್ವಾನ್ ಯ್ವೆ ಗುಡಿಯಲ್ಲಿ ಇನ್ನೊಂದು ಕಂಡೆ. ಅರ್ಧಚಂದ್ರದ ಹಾಗಿರುವ ಎರಡು ಮರದ ತುಂಡು. ಒಂದು ಮೈ ಚಪ್ಪಟೆ, ಇನ್ನೊಂದು ಉಬ್ಬು. ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ನೆಲಕ್ಕೆ ಹಾಕುತ್ತಾರೆ. ಒಂದು ಮಗುಚಿ ಒಂದು ಅಂಗಾತ ಬಿದ್ದರೆ ದೇವರು ಹೂಂ ಎಂದ ಹಾಗೆ. ನಾವು ದೇವರ ಮುಂದೆ ಹೂ ಪ್ರಸಾದ ಕೇಳುವುದಿಲ್ಲವೇ? ಒಬ್ಬ ಹುಡುಗಿ ಮೂರು ಸಲ ಹಾಕಿ, ಮೂರು ಸಲವೂ ಇಲ್ಲ ಬಂದು, ಅಳುತ್ತ ಎದ್ದು ಹೋದಳು. ಅವಳ ಪ್ರಶ್ನೆ ಏನಿತ್ತೋ. ಇವತ್ತಿಗೂ ಅವಳ ಮುಖ ಮರೆತಿಲ್ಲ.

ಆ ಗುಡಿಯಿಂದ ನಾಲ್ಕು ಹೆಜ್ಜೆಗೆ ಕಲ್ಲಿನ ಮಸೀದಿ, 1009ರದ್ದು. ಊರ ಹೊರಗಿನ ಬೆಟ್ಟದಲ್ಲಿ ಮಾನಿ ಎಂಬ ಪರ್ಷಿಯನ್ ಪ್ರವಾದಿಯ ಕಲ್ಲಿನ ವಿಗ್ರಹ, 1339ರದ್ದು. ಅವನ ಮತ ಎಲ್ಲ ಕಡೆ ಅಳಿಸಿಹೋಯಿತು. ಇಲ್ಲಿಯ ಜನ ಅವನನ್ನು ಬುದ್ಧನೆಂದೇ ಪೂಜಿಸಿ ಉಳಿಸಿಕೊಂಡರು.

ಉಳಿಸಿದವರ ಸಾಲಿನಲ್ಲಿ ಒಬ್ಬ ಮೇಷ್ಟರ ಹೆಸರು ಹೇಳಲೇಬೇಕು. ವು ವೆನ್‌ಲಿಯಾಂಗ್. ಇಲ್ಲಿಯೇ ಶಾಲೆಯಲ್ಲಿ ಪಾಠ ಮಾಡುತ್ತಿದ್ದವರು. ಕಳೆದ ಶತಮಾನದಲ್ಲಿ ಊರಿನ ಹಳೇ ಕೋಟೆಗೋಡೆ ಕೆಡವಿದಾಗ ಒಳಗಿನಿಂದ ಅರಬಿ ಅಕ್ಷರದ ಗೋರಿಕಲ್ಲು, ಶಿಲುಬೆಯ ಕಲ್ಲು, ಶಿವನ ಗುಡಿಯ ಕಲ್ಲು ಎಲ್ಲ ಹೊರಬಂದವು. ಕಲ್ಲುಕುಟಿಗರು ಒಡೆದು ಮಾರುವ ಮೊದಲೇ ಇವರು ತಮ್ಮ ಸ್ವಂತ ದುಡ್ಡು ಕೊಟ್ಟು ಒಂದೊಂದಾಗಿ ಮನೆಗೆ ತಂದರು. ಆಮೇಲೆ ಎಲ್ಲವನ್ನೂ ಸರ್ಕಾರಕ್ಕೆ ಒಪ್ಪಿಸಿದರು. 1957ರಲ್ಲಿ ಅವುಗಳ ಬಗ್ಗೆ ಪುಸ್ತಕವನ್ನೂ ಬರೆದರು. ಇಂದು ಕಡಲ ಸಾರಿಗೆ ಮ್ಯೂಸಿಯಮ್ಮಿನಲ್ಲಿ ಆ ಕಲ್ಲುಗಳ ನಡುವೆ ನಡೆಯಬಹುದು. 2021ರಲ್ಲಿ ಯುನೆಸ್ಕೊ ಚ್ವಾನ್‌ಜೋದ 22 ಜಾಗಗಳನ್ನು ವಿಶ್ವ ಪರಂಪರೆಗೆ ಸೇರಿಸಿತು. ಆ ಮೇಷ್ಟರು ಅಷ್ಟು ವರ್ಷ ಮೊದಲೇ ಕಲ್ಲು ಹೊರದಿದ್ದರೆ ಅರ್ಧ ಕತೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಾರ್ಕೂರಿಗೂ ಇಂಥ ಒಬ್ಬ ಮೇಷ್ಟರು ಬೇಕು ಎಂದು ಅಲ್ಲಿ ನಿಂತಾಗ ತುಂಬಾ ಅನಿಸಿತು. ಓದುತ್ತಿರುವವರಲ್ಲಿ ಯಾರಾದರೂ ಆಗುವುದಾದರೆ ಜೊತೆಗೆ ಕಲ್ಲು ಹೊರಲು ನಾನು ತಯಾರು.

ಕೊನೆಯ ದಿನ ಅಕ್ಕನ ಮಗ ಚಿದ್ಯೆನ್ ಎಂಬ ಹಳ್ಳಿಗೆ ಕರೆದುಕೊಂಡು ಹೋದ. ಚಿಕ್ಕ ಗುಡಿ. ಒಳಗೆ ಕಾಲು ಮಡಚಿ ಕೂತ ನಾಲ್ಕು ಕೈಯ ದೇವಿ, ಅತ್ತಿತ್ತ ಇಬ್ಬರು ಸಖಿಯರು. ನಮ್ಮ ಕಡೆಯ ಯಾವ ದೇವಸ್ಥಾನದಲ್ಲಿಟ್ಟರೂ ಸೇರಿಹೋಗುವ ಮುಖ. ಹಳೇ ಗುಡಿ ಬಿದ್ದುಹೋಗಿತ್ತಂತೆ, ಊರವರು ಕಲ್ಲಿನ ತುಂಡುಗಳನ್ನು ಹುಡುಕಿ ತಂದು ಮತ್ತೆ ಕೂರಿಸಿದ್ದಾರೆ. ಮುಂದೆ ಕಿತ್ತಳೆ ಹಣ್ಣು, ಊದುಬತ್ತಿ. ಕಸ ಗುಡಿಸುತ್ತಿದ್ದ ಹೆಂಗಸು ಪೊರಕೆ ಬದಿಗಿಟ್ಟು, ಕೈ ತೊಳೆದು ಬಂದು, ನನಗೂ ಮೂರು ಊದುಬತ್ತಿ ಹಚ್ಚಿ ಕೊಟ್ಟರು. ಯಾವ ದೇವಿ ಎಂದು ಅಕ್ಕನ ಮಗನ ಮೂಲಕ ಕೇಳಿದೆ.

"ಗ್ವಾನ್‌ಯಿನ್" ಎಂದರು. ಚೀನೀ ಬೌದ್ಧರ ಕರುಣೆಯ ದೇವಿ.

ಹೌದು ಎಂದು ತಲೆಯಾಡಿಸಿ ಕೈ ಮುಗಿದೆ.