ಮೀಟರಿನಲ್ಲಿ 0.10 ಅಂದರೆ ಕೈಗಾ ಸೋರಿಕೆ ಅಲ್ಲ: ಒಂದು ಸ್ಪಷ್ಟನೆ

‘ಸಾಗರ ಊರಿನ ಹತ್ತಿರ ವಿಕಿರಣ 0.10 ಬಂದಿದೆ, ಕೈಗಾ ಅಣು ಸ್ಥಾವರದಲ್ಲಿ ಸೋರಿಕೆ, ಅದಕ್ಕೇ ಅಲ್ಲಿ ಹಾಲಿನ ಮಾದರಿ ತಗೊಂಡು ಹೋಗ್ತಿದ್ದಾರೆ’ ಎಂಬ ಮೆಸೇಜು, ವಿಕಿರಣ ಅಳೆಯುವ ಮೀಟರಿನ ಒಂದು ಫೋಟೋ ಜೊತೆ, ನಿನ್ನೆಯಿಂದ ಓಡಾಡುತ್ತಿದೆ. ಅದನ್ನು ನಾನೂ ನಮ್ಮ ಬೀದಿ ಗ್ರೂಪಿಗೆ ಕಳಿಸಿದ್ದೆ. ಅದು ತಪ್ಪು, ಕ್ಷಮಿಸಿ.

ಆ ಫೋಟೋ ದೊಡ್ಡದು ಮಾಡಿ ನೋಡಿ. ಜಂಬಿಟ್ಟಿಗೆ ಗೋಡೆ ಮೇಲೆ ಮೀಟರು ಇಟ್ಟಿದ್ದಾರೆ. ಅಂಕಿಯ ಕೆಳಗೆ ಸಣ್ಣಕ್ಷರದಲ್ಲಿ ‘ಗಂಟೆಗೆ ಮೈಕ್ರೋಸೀವರ್ಟ್’ ಎಂದಿದೆ. ಸೀವರ್ಟ್ ಅಂದರೆ ದೇಹಕ್ಕೆ ತಗಲುವ ವಿಕಿರಣದ ಅಳತೆ; ಸಾವಿರ ಮೈಕ್ರೋಸೀವರ್ಟ್ ಸೇರಿದರೆ ಒಂದು ಮಿಲಿಸೀವರ್ಟ್. ಗಂಟೆಗೆ 0.10 ಅಂದರೆ ವರ್ಷಕ್ಕೆ ಸುಮಾರು 0.9 ಮಿಲಿಸೀವರ್ಟ್. ನೆಲ, ಕಲ್ಲು, ಆಕಾಶದಿಂದ ಹೆಚ್ಚಿನ ಊರುಗಳಲ್ಲಿ ಹೆಚ್ಚುಕಡಿಮೆ ಇಷ್ಟು ಬರುತ್ತದೆ. ಉಸಿರಾಡುವ ಗಾಳಿ, ಊಟ ಎಲ್ಲ ಸೇರಿದರೆ ಜಗತ್ತಿನ ಸರಾಸರಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್. ಜನರಿಗೆ 1 ಮಿಲಿಸೀವರ್ಟ್ ಮಿತಿ ಅಂತಾರಲ್ಲ, ಅದು ಈ ಸಹಜ ವಿಕಿರಣದ ಮೇಲೆ ಸ್ಥಾವರದಿಂದ ಬರಬಹುದಾದ ಹೆಚ್ಚುವರಿಗೆ.

ಇನ್ನು ಹಾಲಿನ ವಿಷಯ. ಕೈಗಾದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ಪರಿಸರ ಸಮೀಕ್ಷಾ ಪ್ರಯೋಗಾಲಯ ಇದೆ. ಗಾಳಿ, ನೀರು, ಮಣ್ಣು, ಮೀನು, ಹಾಲು ಪರೀಕ್ಷಿಸುವುದು ಅಲ್ಲಿ ವರ್ಷಪೂರ್ತಿ ನಡೆಯುವ ಕೆಲಸ. ಹಾಲೇ ಯಾಕೆ? ಸೋರಿಕೆಯಾಗಿ ಗಾಳಿಯಲ್ಲಿ ಅಯೋಡಿನ್-131 (ಅಣು ಸ್ಥಾವರದಲ್ಲಿ ಹುಟ್ಟುವ ವಿಕಿರಣ ಸೂಸುವ ಅಯೋಡಿನ್) ಸೇರಿದರೆ ಹುಲ್ಲಿಗೆ ಬೀಳುತ್ತದೆ, ಹಸು ಮೇಯುತ್ತದೆ, ಹಾಲಿಗೆ ಬೇಗ ಬರುತ್ತದೆ. ಅದಕ್ಕೇ ಮೊದಲು ಹಾಲು ನೋಡುತ್ತಾರೆ. ಮಾದರಿ ತಗೊಂಡರು ಅಂದ ಮಾತ್ರಕ್ಕೆ ಸೋರಿಕೆ ಆಗಿದೆ ಅಂತ ಅಲ್ಲ.

ಈ ಮೆಸೇಜು ನೋಡಿ ಎಷ್ಟೋ ಮನೆಯಲ್ಲಿ ಮಕ್ಕಳಿಗೆ ಹಾಲು ಕೊಡಲು ಹೆದರುತ್ತಿದ್ದಾರೆ. ನನಗೆ ಜಾಸ್ತಿ ಸಂಕಟ ಆಗಿರುವುದು ಇದಕ್ಕೇ. ದಯವಿಟ್ಟು ಇನ್ನು ಫಾರ್ವರ್ಡ್ ಮಾಡಬೇಡಿ. ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.