‘ಬಹುದು’ ಕಾಣೆಯಾಗಿದೆ

ಕಾಣೆಯಾಗಿದೆ: ‘ಬಹುದು’. ವಯಸ್ಸು ಕನ್ನಡದಷ್ಟೇ. ಸಣ್ಣ ಮೈಕಟ್ಟು, ಕ್ರಿಯಾಪದದ ಬಾಲ ಹಿಡಿದುಕೊಂಡು ಓಡಾಡುವ ಅಭ್ಯಾಸ. ಕೊನೆಯದಾಗಿ ಕಂಡಿದ್ದು 2025ರ ಏಪ್ರಿಲ್‌ನಲ್ಲಿ, ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ, ವಿಜ್ಞಾನಿಗಳ ಬಾಯಲ್ಲಿ. ಅಲ್ಲಿಂದ ನಮ್ಮ ಟಿವಿ ಸ್ಟುಡಿಯೋಗೆ ಹೊರಟಿತ್ತು. ತಲುಪಲೇ ಇಲ್ಲ.

ನಡೆದದ್ದು ಇಷ್ಟು. ಕೆ2-18ಬಿ ಅಂತ ಒಂದು ಗ್ರಹ. ನಮ್ಮಿಂದ 124 ಜ್ಯೋತಿರ್ವರ್ಷ ದೂರದಲ್ಲಿ ಒಂದು ಕೆಂಪು ಕುಬ್ಜ ನಕ್ಷತ್ರವನ್ನು ಸುತ್ತುತ್ತಿದೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಖಗೋಳ ವಿಜ್ಞಾನಿ ನಿಕ್ಕು ಮಧುಸೂದನ್ ಅವರ ತಂಡ ಜೇಮ್ಸ್ ವೆಬ್ ದೂರದರ್ಶಕದಿಂದ ಅದರ ಗಾಳಿಯನ್ನು ಜಾಲಾಡಿ ಹೇಳಿದ್ದು: ಅಲ್ಲಿ ಡೈಮೀಥೈಲ್ ಸಲ್ಫೈಡ್ ಎಂಬ ಅನಿಲವೋ ಅದರ ದಾಯಾದಿಯೋ ಇರಬಹುದು. ನಮ್ಮ ಭೂಮಿಯಲ್ಲಿ ಅದನ್ನು ಬಿಡುವುದು ಹೆಚ್ಚಾಗಿ ಕಡಲಿನ ಕಣ್ಣಿಗೆ ಕಾಣದ ಪಾಚಿಗಳು. ಹಾಗಾಗಿ ಅಲ್ಲೂ ಜೀವ ಇರಬಹುದು. ಆದರೆ ಈ ಸುಳಿವೇ ಬರೀ ಆಕಸ್ಮಿಕವೂ ಆಗಿರಬಹುದು. ಎಣಿಸಿ, ಮೂರು ‘ಬಹುದು’. ಒಂದೂ ವೇಸ್ಟ್ ಅಲ್ಲ.

ಲೆಕ್ಕವನ್ನೂ ಅವರೇ ಕೊಟ್ಟರು. ಇಂಥ ಸುಳಿವು ಸುಮ್ನೆ ಕಾಕತಾಳೀಯವಾಗಿ ಕಾಣಿಸುವ ಸಾಧ್ಯತೆ ಶೇ. 0.3. ಖಚಿತ ಅನ್ನಬೇಕಾದರೆ ಅದು ಶೇ. 0.00006ಕ್ಕಿಂತ ಕೆಳಗೆ ಇಳಿಯಬೇಕು. ಅದಕ್ಕೆ ವೆಬ್ ದೂರದರ್ಶಕದಲ್ಲಿ ಇನ್ನೂ 16ರಿಂದ 24 ಗಂಟೆ ನೋಡಬೇಕಾಗುತ್ತದೆ ಅಂದರು. ಹದಿನಾರು ಗಂಟೆ! ನಮ್ಮ ಆ್ಯಂಕರ್‌ಗೆ ಜಾಹೀರಾತು ಮುಗಿಯುವ ತನಕ ಕಾಯುವುದೇ ಕಷ್ಟ.

ರಾತ್ರಿ ಒಂಬತ್ತಕ್ಕೆ ಟಿವಿ ಹಾಕಿದೆ. ‘ಏಲಿಯನ್ ಸಿಕ್ಕೇಬಿಟ್ಟ!’ ಹಿನ್ನೆಲೆಯಲ್ಲಿ ಕೊಲೆ ಕೇಸಿಗೆ ಹಾಕುವ ಅದೇ ಸಂಗೀತ. ಪರದೆಯ ತುಂಬ ನೀಲಿ ಸಮುದ್ರ, ನೊರೆ, ಕೆಂಪು ಸೂರ್ಯ. ಯಾರೋ ಕಲಾವಿದರು ಕಲ್ಪನೆಯಿಂದ ಬರೆದ ಚಿತ್ರ ಅದು. ಆ ಗ್ರಹದ ಮುಖವನ್ನು ಈವರೆಗೆ ಒಬ್ಬರೂ ಕಂಡಿಲ್ಲ. ಗ್ರಹ ತನ್ನ ನಕ್ಷತ್ರದ ಮುಂದೆ ಹಾದುಹೋಗುವಾಗ ಒಂದಿಷ್ಟು ಬೆಳಕು ಅದರ ಗಾಳಿಯೊಳಗಿಂದ ಸೋಸಿ ಬರುತ್ತದೆ. ಆ ಬೆಳಕಿನಲ್ಲಿ ಯಾವ ಬಣ್ಣ ಎಷ್ಟು ಕಡಿಮೆಯಾಯಿತು ಅಂತ ಅಳೆದರೆ ಸಿಗುವುದು ಅಂಕುಡೊಂಕಾದ ಒಂದು ಗೆರೆ. ಇಡೀ ಸುದ್ದಿ ಆ ಗೆರೆಯಲ್ಲಿದೆ. ಗೆರೆಗೆ ಟಿಆರ್‌ಪಿ ಇಲ್ಲ, ಅಲ್ವಾ?

ಚರ್ಚೆಗೆ ಜ್ಯೋತಿಷಿಗಳೂ ಬಂದರು. ಗ್ರಹದ ವಿಷಯ ಅಂದಮೇಲೆ ಅವರನ್ನು ಬಿಟ್ಟು ಇನ್ಯಾರನ್ನು ಕರೆಯುತ್ತಾರೆ! ಆ ನಕ್ಷತ್ರ ಕಾಣುವುದು ಸಿಂಹ ರಾಶಿಯ ದಿಕ್ಕಿನಲ್ಲಿ. ಅಷ್ಟು ಸಾಕಾಯಿತು. ಸಿಂಹ ರಾಶಿಯವರು ಮೂರು ತಿಂಗಳು ಹೊಸ ವ್ಯವಹಾರಕ್ಕೆ ಕೈ ಹಾಕಬಾರದಂತೆ. ಒಂದು ಒಳ್ಳೆಯ ವಿಷಯವನ್ನು ಮಾತ್ರ ಅವರು ಹೇಳಲಿಲ್ಲ. ಆ ಗ್ರಹಕ್ಕೆ ಒಂದು ವರ್ಷ ಅಂದರೆ ನಮ್ಮ 33 ದಿನ. ಅಲ್ಲಿನ ಲೆಕ್ಕದಲ್ಲಿ ಏಳೂವರೆ ವರ್ಷದ ಸಾಡೇಸಾತಿ ಎಂಟೇ ತಿಂಗಳಲ್ಲಿ ಮುಗಿದುಹೋಗುತ್ತದೆ. ಹೇಳಿದರೆ ಪರಿಹಾರದ ವ್ಯಾಪಾರ ಕೆಡುತ್ತದಲ್ಲ.

ಅಷ್ಟರಲ್ಲಿ ಆ್ಯಂಕರ್, ‘ಇದೇ ನಮ್ಮ ಎರಡನೇ ಭೂಮಿ’ ಅಂದರು. ಎಷ್ಟನೇ ಎರಡನೇ ಭೂಮಿ ಸ್ವಾಮಿ ಇದು? 2010ರಲ್ಲಿ ಗ್ಲೀಸ್ 581ಜಿ ಎರಡನೇ ಭೂಮಿ. 2011ರಲ್ಲಿ ಕೆಪ್ಲರ್-22ಬಿ. 2015ರಲ್ಲಿ ಕೆಪ್ಲರ್-452ಬಿ. ಮರುವರ್ಷ ಪ್ರಾಕ್ಸಿಮಾ ಬಿ. 2017ರಲ್ಲಿ ಟ್ರ್ಯಾಪಿಸ್ಟ್-1ರ ಸುತ್ತ ಏಳು ಗ್ರಹ ಒಟ್ಟಿಗೆ ಸಿಕ್ಕಾಗಲೂ ಎರಡನೆಯದೇ. ಮೂರನೇ ಭೂಮಿ ಅಂತ ಬರೆಯಲು ಇವರ ಕೀಬೋರ್ಡಿನಲ್ಲಿ ಅಕ್ಷರವೇ ಇಲ್ಲವೇನೋ. ಇವುಗಳಲ್ಲಿ ಮೊದಲನೆಯದು ಬಹುಶಃ ಗ್ರಹವೇ ಅಲ್ಲ, ನಕ್ಷತ್ರದ ಮೈಯ ಚಟುವಟಿಕೆ ಆಡಿಸಿದ ಆಟ ಅಂತ 2014ರಲ್ಲಿ ಇನ್ನೊಂದು ತಂಡ ತೋರಿಸಿತು. ನಾಮಕರಣಕ್ಕೆ ಬಂದವರು ತಿಥಿಗೆ ಬರಲಿಲ್ಲ.

ಕೆ2-18ಬಿಯ ಕತೆಯೂ ಹಾಗೇ ಸಾಗಿತು. ಅದೇ ಮಾಹಿತಿಯನ್ನು ಬೇರೆಯವರು ತಿರುಗಿ ಲೆಕ್ಕ ಹಾಕಿದರು. ಅಷ್ಟೊಂದು ಗಟ್ಟಿ ಸುಳಿವು ಕಾಣುತ್ತಿಲ್ಲ ಅಂದರು. ಇದಕ್ಕೂ ಮೊದಲೇ 67ಪಿ ಎಂಬ ಧೂಮಕೇತುವಿನಲ್ಲೂ ಅದೇ ಅನಿಲ ಸಿಕ್ಕಿತ್ತು. ಧೂಮಕೇತುವಿನ ಮೇಲೆ ಪಾಚಿ ಕಟ್ಟುವುದಿಲ್ಲ. ಈ ಜಗಳವೇ ನಿಜವಾದ ಸೊಗಸು. ಒಬ್ಬರು ಹೇಳುವುದು, ಹತ್ತು ಜನ ಅದನ್ನು ಕೆದಕುವುದು. ನಮ್ಮ ಪ್ಯಾನೆಲ್‌ನಲ್ಲೂ ಜಗಳ ಆಯಿತು ಬಿಡಿ. ಅದು ಏಲಿಯನ್‌ಗೆ ಯಾವ ಜಾತಿ ಎಂಬ ಬಗ್ಗೆ.

ನ್ಯಾಯವಾಗಿ ಹೇಳಬೇಕಾದರೆ ತಪ್ಪೆಲ್ಲ ಚಾನೆಲ್‌ನವರದ್ದೇ ಅಲ್ಲ. ‘ಈವರೆಗಿನ ಅತಿ ಬಲವಾದ ಸುಳಿವು’ ಅಂತ ತಲೆಬರಹ ಕೊಟ್ಟಿದ್ದು ವಿಶ್ವವಿದ್ಯಾಲಯವೇ. ‘ಬಹುದು’ವಿನ ಕೈ ಅಲ್ಲೇ ಸ್ವಲ್ಪ ಸಡಿಲವಾಗಿತ್ತು. ಇವರು ತಳ್ಳಿದರು, ಅಷ್ಟೇ. ಪೂರ್ತಿ ಸತ್ತಿಲ್ಲ ಎಂಬ ಗುಮಾನಿಯೂ ನನಗಿದೆ. ಪರದೆಯ ಮೇಲಿನ ದಪ್ಪ ಅಕ್ಷರಗಳ ಕೊನೆಯಲ್ಲಿ ಸಾಸಿವೆಯಷ್ಟು ಒಂದು ಪ್ರಶ್ನೆ ಚಿಹ್ನೆ ಕಂಡೆ. ಆ್ಯಂಕರ್ ಅದನ್ನು ಓದಲಿಲ್ಲ.

ಪಕ್ಕದಲ್ಲಿ ಕೂತಿದ್ದ ದೊಡ್ಡಮ್ಮ ನನ್ನ ಕಡೆ ತಿರುಗಿದರು. ‘ಅಲ್ಲಿ ಸಮುದ್ರವೇ ಇದೆಯಂತೆ ಕಣೋ, ನಾವೂ ಹೋಗಬಹುದಂತೆ.’ ನೋಡಿ, ನಾಲ್ಕನೇ ಕ್ಲಾಸು ಓದಿದ ದೊಡ್ಡಮ್ಮ ಎರಡು ಸಲ ‘ಅಂತೆ’ ಹಾಕಿದರು. ಕಂಡಿದ್ದು ಬೇರೆ, ಕೇಳಿದ್ದು ಬೇರೆ ಅಂತ ಅವರಿಗೆ ಗೊತ್ತು. ವಾಯೇಜರ್ ನೌಕೆಯ ವೇಗದಲ್ಲಿ ಹೋದರೂ ಸುಮಾರು 22 ಲಕ್ಷ ವರ್ಷ ಬೇಕು ದೊಡ್ಡಮ್ಮ ಅಂದೆ. ‘ಹಂಗಾದ್ರೆ ಬೇಡ. ಮೊದಲು ಟ್ಯಾಂಕರ್‌ನವನಿಗೆ ಫೋನ್ ಮಾಡು, ಸಂಪಿನಲ್ಲಿ ಒಂದು ಹನಿ ಇಲ್ಲ’ ಅಂದರು.

ಮಾಡಿದೆ. ಮೊನ್ನೆಯೇ ದುಡ್ಡು ಕೊಟ್ಟಿದ್ದೆ. ನಾಳೆಯಾದರೂ ಖಂಡಿತ ಬರುತ್ತದಾ ಅಂತ ಕೇಳಿದೆ.

ಆ ಕಡೆಯಿಂದ ಆಕಳಿಕೆ. ಆಮೇಲೆ ಉತ್ತರ: ‘ಬರಬಹುದು ಸಾರ್.’